ನೆಂಟರು ಎಂದು ಕರೆಸಿಕೊಂಡ ಮಗು

ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಒಂದು ಮಗುವಿತ್ತು. ಅದನ್ನು ಎಲ್ಲರೂ "ನೆಂಟರು" ಎಂದು ಕರೆಯುತ್ತಿದ್ದೆವು. ಕೆಳಗೆ ಹೊಲಿಗೆ ಅಂಗಡಿ ಇಟ್ಟುಕೊಂಡ ನಾನೂ ಕರೆದಿದ್ದೇನೆ. "ನೆಂಟರು ಶಾಲೆಗೆ ಹೊರಟ್ರಾ?" ಎಂದರೆ ಎಂಟು ವರ್ಷದ ಆ ಹುಡುಗಿ "ಹೋಗಿ ಬರ್ತೀನಿ ಆಂಟಿ" ಎಂದು ತಲೆ ಬಗ್ಗಿಸಿ ಹೋಗುತ್ತಿದ್ದಳು. ನಾವು ನಗುತ್ತಿದ್ದೆವು. ಆ ನಗು ನೆನೆದರೆ ಈಗ ನಾಚಿಕೆಯಾಗುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಹೆಸರಿಟ್ಟವರು ಅವಳ ಅಜ್ಜಿ. ಮಗು ಏಳು ತಿಂಗಳಿಗೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ನಲವತ್ತು ದಿನವಿದ್ದು ಮನೆಗೆ ಬಂದಿತ್ತು. ಎದೆಗೆ ಅಪ್ಪಿಕೊಂಡಿರಿ ಎಂದು ದಾದಿಯರು ತಾಯಿಗೆ ಹೇಳಿ ಕಳಿಸಿದ್ದರು. ಅಜ್ಜಿ ಬಾಗಿಲಲ್ಲೇ ತಡೆದರು.

"ತಿಂಗಳು ತುಂಬದೆ ಬಂದದ್ದು ನೆಂಟರಿದ್ದ ಹಾಗೆ ಕಣೇ. ಮುದ್ದು ಮಾಡಿದಷ್ಟೂ ಬೇಗ ಹೊರಡುತ್ತೆ. ಹತ್ತು ವರ್ಷ ತುಂಬೋವರೆಗೂ ಮಡಿಲಿಗೆ ಹಾಕ್ಕೋಬೇಡ, ನನ್ನ ಮಗಳು ಅನ್ನಬೇಡ. ನಮ್ಮ ಮನೆತನದಲ್ಲಿ ನಡೆದುಕೊಂಡು ಬಂದದ್ದು ಇದು."

ಅಜ್ಜಿ ಕೆಟ್ಟವರಲ್ಲ. ಅವರ ಎರಡು ಕೂಸುಗಳು ಹೀಗೇ ದಿನ ತುಂಬದೆ ಹುಟ್ಟಿ ಅವರ ತೋಳಲ್ಲೇ ಕಣ್ಣು ಮುಚ್ಚಿದ್ದವು. ಆ ಹೆದರಿಕೆಯನ್ನು ಅವರು ಸೊಸೆಯ ತಲೆಗೆ ಕಟ್ಟಿದರು. ಮಗುವಿನ ಅಪ್ಪನೋ ತನ್ನ ತಾಯಿ ಹಾಕಿದ ಗೆರೆ ದಾಟದವರು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂತಾರೆ. ಆ ಮನೆಯಲ್ಲಿ ನೆಂಟರ ಮೇಲೆ ಪ್ರೀತಿ ಇಡುವುದೇ ತಪ್ಪಾಗಿತ್ತು.

ಹುಡುಗಿ ನೆಂಟರಂತೆಯೇ ಬೆಳೆದಳು. ನೀರು ಕುಡಿಯಲು ಕೇಳಬೇಕು. ಕುರ್ಚಿಯ ತುದಿಯಲ್ಲಿ ಕೂರಬೇಕು. ಬಟ್ಟೆಗಳನ್ನು ಬೀರುವಿನಲ್ಲಿಡದೆ ತನ್ನ ಚೀಲದಲ್ಲೇ ಮಡಿಸಿಡುತ್ತಿದ್ದಳು. "ಒಂದು ಹಟ ಇಲ್ಲ, ಅಳು ಇಲ್ಲ. ಎಂಥ ಮಗು!" ಎಂದು ಅಜ್ಜಿ ಹೊಗಳುವರು. ನಾನೂ ತಲೆಯಾಡಿಸಿದ್ದೆ.

ಒಂದು ಸಂಜೆ ಶಾಲೆಯ ಅಂಗಿಗೆ ಅಳತೆ ಕೊಡಲು ಬಂದಳು. ತೋಳಿನ ಅಳತೆಗೆಂದು ಎಡಗೈ ಎತ್ತಿದೆ. ಅವಳು ಸದ್ದು ಮಾಡಲಿಲ್ಲ. ಮುಖ ಮಾತ್ರ ಬಿಳಿಚಿಕೊಂಡಿತು. ಅಂಗಿಯ ತೋಳು ಸರಿಸಿ ನೋಡಿದರೆ ಮಣಿಕಟ್ಟು ಊದಿ ನೀಲಿಗಟ್ಟಿತ್ತು.

"ಯಾವಾಗ ಬಿದ್ದೆ?"

"ಮೊನ್ನೆ. ಶಾಲೆ ಮೆಟ್ಟಿಲ ಮೇಲೆ."

"ಅಮ್ಮಂಗೆ ಹೇಳಲಿಲ್ವಾ?"

"ನೆಂಟರು ತೊಂದರೆ ಕೊಡಬಾರದಲ್ವಾ ಆಂಟಿ?"

ಟೇಪು ಕೆಳಗಿಟ್ಟೆ. ಮೂರು ದಿನ ಮುರಿದ ಕೈಯಲ್ಲೇ ತಲೆ ಬಾಚಿಕೊಂಡು, ಚೀಲ ಹೊತ್ತುಕೊಂಡು, ನನಗೂ ಹೋಗಿ ಬರ್ತೀನಿ ಎಂದಿದ್ದಳು!

ಅವಳ ಅಮ್ಮ, ಅಜ್ಜಿಯನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದೆವು. ಅಲ್ಲಿ ಮುರಿದ ಮೂಳೆಗೆ ಪಟ್ಟಿ ಹಾಕುವಾಗ ಸೂಜಿ ಚುಚ್ಚಿದರೂ ಅವಳು ಯಾರ ಕೈಯನ್ನೂ ಹಿಡಿಯಲಿಲ್ಲ. ಮಕ್ಕಳ ಡಾಕ್ಟರಮ್ಮ ಅದನ್ನೇ ನೋಡುತ್ತಿದ್ದರು. ಹೊರಗೆ ಬಂದು ಎಲ್ಲವನ್ನೂ ಕೇಳಿದರು.

"ಬೇಗ ಹುಟ್ಟಿದ್ದಕ್ಕೇ ಹೀಗೆ. ಅಂಥವಕ್ಕೆ ಅಂಟು ಕಡಿಮೆ," ಎಂದರು ಅಜ್ಜಿ.

"ಇಲ್ಲಮ್ಮ. ಬೇಗ ಹುಟ್ಟಿದ ಮಕ್ಕಳೂ ಬೇರೆ ಮಕ್ಕಳ ಹಾಗೇ ಹಚ್ಚಿಕೊಳ್ತಾರೆ, ಎತ್ತಿಕೊಳ್ಳೋರಿದ್ರೆ. ಇವಳನ್ನ ಎತ್ತಿಕೊಂಡೋರು ಯಾರು?"

"ನನ್ನೆರಡು ಕೂಸು ಮುದ್ದಿಂದಲೇ ಹೋದವು! ಇವಳು ಉಳಿದಿದ್ದು ನನ್ನ ಕಟ್ಟುನಿಟ್ಟಿಂದ!"

"ಆ ಕಾಲದಲ್ಲಿ ಉಸಿರಾಡಿಸೋ ಯಂತ್ರ ಇರಲಿಲ್ಲ, ಅದಕ್ಕೆ ಹೋದವು. ನಿಮ್ಮ ಮುದ್ದು ಯಾರನ್ನೂ ಕೊಂದಿಲ್ಲ ಅಮ್ಮ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು, ಆದರೂ ಪಟ್ಟು ಬಿಡಲಿಲ್ಲ. "ಇನ್ನೆರಡೇ ವರ್ಷ. ಆಮೇಲೆ ಎತ್ತಿಕೊಳ್ಳಲಿ."

ಎಂಟು ವರ್ಷ ಬಾಯಿ ಬಿಡದಿದ್ದ ತಾಯಿ ಎದ್ದು ನಿಂತಳು. "ಸಾಕು ಅತ್ತೆ. ಒಂದು ದಿನವೂ ಕಾಯಲ್ಲ. ಇವಳು ನನ್ನ ಮಗಳು."

ಒಳಗೆ ಹೋಗಿ ಮಗಳನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡಳು, ಬಿಗಿಯಾಗಿ ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಹುಡುಗಿ ಮರಗಟ್ಟಿದವಳಂತೆ ಕೂತಿದ್ದಳು. ಕಾಲುಗಳನ್ನು ನೆಲದ ಕಡೆಗೇ ಚಾಚಿದ್ದಳು, ಭಾರ ಬೀಳದಿರಲಿ ಎಂಬಂತೆ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದಳು:

"ಅಮ್ಮಾ, ನಾನು ಯಾವಾಗ ಇಳೀಬೇಕು?"