ಮನೆಗೊಂದು ಹಿಡಿ

ಸೋನಾ ಮಸೂರಿ, ಅದೂ ಹಳೆಯದು, ವರ್ಷ ದಾಟಿದ್ದು — ಒಳಗೆ ಕುಕ್ಕರು ಎರಡನೇ ಸೀಟಿ ಹೊಡೆದದ್ದೇ ತಡ ಹಬೆಯ ವಾಸನೆಯಲ್ಲಿ ಗೊತ್ತಾಗಿಹೋಯಿತು, ಮನೆಯವರ ಮುಖ ಕಾಣುವ ಮೊದಲೇ ಅವರ ಅಕ್ಕಿ ಕಾಣಿಸುವುದು ನನ್ನ ಹಣೆಬರಹ, ಭಾನುವಳ್ಳಿಯಲ್ಲಿ ನಲವತ್ತು ವರ್ಷ ರೈಸ್ ಮಿಲ್ ನಡೆಸಿದವನ ಮೂಗು ಇದು, ಮಿಲ್ಲನ್ನು ಮಗಳು ತನುಶ್ರೀಗೆ ಬಿಟ್ಟುಕೊಟ್ಟೆ, ಮೂಗನ್ನು ಯಾರಿಗೆ ಬಿಟ್ಟುಕೊಡಲಿ. ಹಸಿರು ಗೇಟು, ಗೇಟಿನ ಮೇಲೆ ನಾಯಿ ಇದೆ ಎಂದು ಬೋರ್ಡು, ನಾಯಿ ಮಾತ್ರ ಇಲ್ಲ, ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ನಾಯಿ ಬಿಟ್ಟಿದ್ರು ಅದಕ್ಕೆ ವಾಪಸ್ ಬಂದೆ ಅನ್ನಬಹುದಿತ್ತು. ಕರೆ, ವಾಮದೇವಪ್ಪ, ಕರೆ, ಇವತ್ತು ನಾಲ್ಕನೇ ದಿನ, ಹಣೆಗೆ ವಿಭೂತಿ ಇದೆ, ಹೆಗಲಿಗೆ ಜೋಳಿಗೆ ಇದೆ, ಗಂಟಲಲ್ಲಿ ದನಿ ಎಲ್ಲಿ ಹೋಯಿತು, ಹಮಾಲರನ್ನು ಕೂಗಿದರೆ ಭಾನುವಳ್ಳಿ ಬಸ್ ಸ್ಟ್ಯಾಂಡಿಗೆ ಕೇಳಿಸುತ್ತಿತ್ತಲ್ಲ ಆ ದನಿ. ಹೇಳಬೇಕಾದದ್ದು ಇಷ್ಟೇ, ದಾಸೋಹಕ್ಕೆ ಒಂದು ಹಿಡಿ ಅಕ್ಕಿ ಕೊಡ್ರಿ ತಾಯಿ, ಹೇಳಿ ಜೋಳಿಗೆಯ ಬಾಯಿ ಅಗಲಿಸಿ ಹಿಡಿಯಬೇಕು, ಹಿಂಗ್ರಿ ಯಜಮಾನ್ರೆ, ಎರಡೂ ಕೈಯಾಗೆ, ಎಂದು ಮೊದಲ ದಿನ ದಾಸೋಹದ ಅಡುಗೆ ಕರಿಯಣ್ಣ ತೋರಿಸಿಕೊಟ್ಟಾಗ ಮುಖ ಆಚೆ ತಿರುಗಿಸಿಬಿಟ್ಟೆ, ಎರಡು ಕೈ, ಅಗಲಿಸಿದ ಬಟ್ಟೆ — ಬೇಡ, ಅದು ಈಗ ಬೇಡ, ಈಗ ಗೇಟು, ಗೇಟಿನ ಚಿಲಕ. ಈ ದಿನವೂ ಒಂದು ಮನೆಯಲ್ಲಾದರೂ ಬಾಯಿಬಿಟ್ಟು ಕೇಳಲಾಗದಿದ್ದರೆ ಸಂಜೆಯ ಬಸ್ಸಿಗೆ ಹರಿಹರ, ಅಲ್ಲಿಂದ ಭಾನುವಳ್ಳಿ, ಒಂದು ವರ್ಷದ ಸೇವೆ ಅಂತ ಊರೆಲ್ಲ ಹೇಳಿ ಬಂದವನು ಐದನೇ ದಿನಕ್ಕೆ ಮನೆಯ ಕಟ್ಟೆಯ ಮೇಲೆ ಕೂತಿರುತ್ತೇನೆ.

ಕೆಮ್ಮಿದೆ. ಹಾಳಾಗಲಿ, ಮತ್ತೆ ಕೆಮ್ಮಿದೆ, ಕೇಳುವ ಬದಲು ಕೆಮ್ಮುವುದು, ಶಕುಂತಲಮ್ಮ ಹೇಳಿದ್ದೇ ಹೇಳಿದ್ದು, ನಿಮಗೆ ಕೇಳಾಕ ಎಲ್ಲಿ ಬರತೈತ್ರಿ, ಮದುವೆಯಾಗಿ ಮೂವತ್ತೈದು ವರ್ಷಾತು, ಒಂದು ದಿನ ನೀರು ಕೊಡೇ ಅಂದಿಲ್ಲ ನೀವು, ಕೆಮ್ಮತೀರಿ, ನಾನು ತಂದುಕೊಡ್ತೀನಿ, ಅಲ್ಲಿ ಹೋಗಿ ಯಾರ ಮನೆ ಮುಂದೆ ಕೆಮ್ಮತೀರಿ. ನಕ್ಕಿದ್ದೆ. ನನ್ನ ಹೆಂಡತಿಯ ಬಾಯಿಗೆ ಸಕ್ಕರೆ ಹಾಕಬೇಕು, ಮೊದಲ ದಿನ ಮೊದಲ ಮನೆಯ ಮುಂದೆ ನಿಂತು ಮೂರು ಸಲ ಕೆಮ್ಮಿದ್ದಕ್ಕೆ ಮಹಡಿಯಿಂದ ಒಬ್ಬಾಕೆ ಬಗ್ಗಿ ನೋಡಿ, ಅಜ್ಜಾರೆ, ದವಾಖಾನೆ ಮುಂದಿನ ರೋಡಿಗೈತೆ ನೋಡ್ರಿ, ಅಂದಳಲ್ಲ. ಕೊಟ್ಟು ಗೊತ್ತು ನನಗೆ, ಕೇಳಿ ಗೊತ್ತಿಲ್ಲ, ಮಠದ ಗುರುಗಳ ಹತ್ತಿರ ಹೋದಾಗಲೂ ಕೊಡುವವನಾಗಿಯೇ ಹೋದದ್ದು, ಆಸ್ಪತ್ರೆಗೆ ಬಂದ ಬಡವರ ಕಡೆಯವರಿಗೆ ದಿನಾ ಮಧ್ಯಾಹ್ನ ಊಟ ಹಾಕ್ತೀರಲ್ಲ ಬುದ್ಧಿ, ಇಡೀ ವರ್ಷದ ಅಕ್ಕಿ ನಂದು, ಒಂದು ಲಾರಿ ಇಳಿಸಿಬಿಡ್ತೀನಿ, ಜೊತೆಗೆ ನಾನೂ ಒಂದು ವರ್ಷ ಸೇವೆಗೆ ಇರ್ತೀನಿ, ಉಗ್ರಾಣ ನೋಡಿಕೊಳ್ತೀನಿ — ಉಗ್ರಾಣ, ಕುರ್ಚಿ, ಕಿವಿಗೆ ಪೆನ್ನು, ಮನಸ್ಸಿನಲ್ಲೇ ಕೂತುಬಿಟ್ಟಿದ್ದೆ. ಗುರುಗಳು ನಕ್ಕರು, ಅಕ್ಕಿ ಬ್ಯಾಡಪ್ಪ, ನೀ ಬಾ, ಅಂದು ಗೂಟದ ಮೇಲಿದ್ದ ಕಾವಿ ಜೋಳಿಗೆ ತೆಗೆದು ನನ್ನ ಹೆಗಲಿಗೆ ಹಾಕಿದರು. ಮನೆಗೊಂದು ಹಿಡಿ, ಹಿಡಿಯ ಮೇಲೆ ಕೊಟ್ಟರೆ ತೆಗೆದುಕೊಳ್ಳುವಂತಿಲ್ಲ, ದುಡ್ಡು ಮುಟ್ಟುವಂತಿಲ್ಲ, ದಿನಕ್ಕೆ ನಲವತ್ತು ಮನೆ, ಅದೇ ಇಲ್ಲಿಯ ನೇಮ. ಅಪ್ಪಾ ಇದೆಂಥಾ ಹುಚ್ಚು, ಲೋಡು ಕಳಿಸ್ತೀನಿ, ವಾಪಸ್ ಬಾ, ಅಂತ ತನುಶ್ರೀಯ ಫೋನು. ಹರಿಹರದ ದಾಸೋಹಕ್ಕೆ ಮಾತ್ರ ನನ್ನ ಹಾಕಬ್ಯಾಡ್ರಿ ಬುದ್ಧಿ, ಅಲ್ಲಿ ಬರ್ರಿ ಸಾವ್ಕಾರ್ರೆ ಕೂಡ್ರಿ ಅಂತ ಚಾ ತರಿಸ್ತಾರೆ, ಎಂದು ಬೇಡಿಕೊಂಡು ದಾವಣಗೆರೆಗೆ ಬಂದೆ, ನಲವತ್ತು ವರ್ಷ ಮಂಡಿಪೇಟೆಗೆ ಬಂದು ಹೋದವನಿಗೆ ಈ ಊರು ಗೊತ್ತು ಅಂದುಕೊಂಡಿದ್ದೆ, ಗೊತ್ತಿದ್ದದ್ದು ಅಂಗಡಿಗಳು, ತೂಕದ ಕಲ್ಲು, ಖಾರ ಮಂಡಕ್ಕಿ ಮಿರ್ಚಿಯ ವಾಸನೆ, ಮನೆಗಳು ಒಂದೂ ಗೊತ್ತಿರಲಿಲ್ಲ, ದೇವರಾಜ ಅರಸು ಬಡಾವಣೆಯ ಈ ಸಾಲು ಸಾಲು ಗೇಟುಗಳು ನನಗೆ ಹೊಸ ಊರೇ.

ಮತ್ತೆ ಆ ಮೂರು ದಿನದ ಘನಂದಾರಿ ಕೆಲಸ, ನೆನೆಸಿಕೊಂಡರೆ ಈಗ ನಗು ಬರುತ್ತದೆ, ನಿನ್ನೆಯವರೆಗೆ ನಗು ಬರುತ್ತಿರಲಿಲ್ಲ. ಮೊದಲ ದಿನ ಹನ್ನೊಂದು ಗೇಟು ಮುಟ್ಟಿ ಹನ್ನೊಂದು ಗೇಟಿನಿಂದ ಹಿಂದೆ ಸರಿದು, ಖಾಲಿ ಜೋಳಿಗೆ ಹೊತ್ತು ಹೋಗಲಾರದೆ, ಎರಡು ಕ್ರಾಸು ಆಚೆ ಕಿರಾಣಿ ಅಂಗಡಿಗೆ ಹೋಗಿ ಎರಡೂವರೆ ಕಿಲೋ ಸೋನಾ ಕಟ್ಟಿಸಿ, ಪೊಟ್ಟಣ ಒಡೆದು ಜೋಳಿಗೆಗೆ ಸುರಿದುಕೊಂಡೆ — ನಲವತ್ತು ಹಿಡಿ ಅಂದರೆ ಹೆಚ್ಚುಕಡಿಮೆ ಎರಡೂವರೆ ಕಿಲೋ, ತೂಕದಲ್ಲಿ ನನ್ನನ್ನು ಹಿಡಿಯುವ ಗಂಡು ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. ಎರಡನೇ ದಿನವೂ ಅದೇ ಅಂಗಡಿ, ಅದೇ ಚೀಲ. ಮೂರನೇ ದಿನವೂ, ಅಂಗಡಿಯವನು ನನ್ನ ಮುಖ ಕಂಡಕೂಡಲೇ ತಕ್ಕಡಿ ಎತ್ತಿದ. ಉಳಿದ ಹದಿನೇಳು ಜನ ಸೇವೆಯವರು ಸಾಲಾಗಿ ಬಂದು ಕರಿಯಣ್ಣನ ಮುಂದೆ ಜೋಳಿಗೆ ಬರಿದುಮಾಡುವಾಗ ನಾನು ಕೊನೆಯವನಾಗಿ ನಿಲ್ಲುತ್ತಿದ್ದೆ, ಕಳ್ಳನ ಮನಸ್ಸು ಹುಳ್ಳುಳ್ಳಗೆ, ಕರಿಯಣ್ಣ ಕೆಮ್ಮಿದರೂ ಎದೆ ಝಲ್ಲೆನ್ನುವುದು. ನಿನ್ನೆ ಆತ ನನ್ನ ಅಕ್ಕಿಯನ್ನು ಮೊರಕ್ಕೆ ಸುರಿದ, ಒಂದು ಸಲ ಕೇರಿದ, ನಿಲ್ಲಿಸಿದ, ಬೇರೆಯವರೆಲ್ಲ ಕೈಕಾಲು ತೊಳೆಯಲು ಹೋಗುವ ತನಕ ಸುಮ್ಮನಿದ್ದ, ಆಮೇಲೆ ಮೆಲ್ಲಗೆ, ಯಜಮಾನ್ರೆ, ಅರಸು ಬಡಾವಣೆ ನಲವತ್ತೂ ಮನ್ಯಾಗೆ ಒಂದೇ ಅಂಗಡಿ ಅಕ್ಕಿ ಉಣ್ತಾರೇನ್ರಿ, ಅಂದ.

ಅಯ್ಯೋ ಶಿವನೇ. ಪಕ್ಕದ ಮೊರದಲ್ಲಿ ಬೇರೆಯವರ ಅಕ್ಕಿ ಹರಡಿಕೊಂಡಿತ್ತು, ಸೋನಾ ಇದೆ, ದಪ್ಪ ರೇಷನ್ ಅಕ್ಕಿ ಇದೆ, ಕುಸುಬಲಕ್ಕಿ ಇದೆ, ನುಚ್ಚು ಇದೆ, ಯಾರೋ ಮರೆತು ಹಾಕಿದ ನಾಲ್ಕು ತೊಗರಿ ಬೇಳೆ, ಒಂದು ಒಣಮೆಣಸಿನಕಾಯಿಯ ತೊಟ್ಟು, ನನ್ನ ಮೊರದಲ್ಲಿ ಬೆಳ್ಳಗೆ, ಒಂದೇ ಸಮ, ಪಾಲಿಶ್ ಹಾಕಿದ ಹಲ್ಲಿನ ಹಾಗೆ, ಕಾಳು ಕಚ್ಚಿ ತಳಿ ಹೇಳುವ ನಾನು, ಜಗತ್ತಿಗೆಲ್ಲ ಅಕ್ಕಿ ಬೇರೆ ಬೇರೆ ಮಾಡಿ ಮಾರಿದ ನಾನು, ಅದೊಂದು ಯೋಚನೆ ತಲೆಗೆ ಬರಬಾರದೆ. ಬೈಯುತ್ತಾನೆ, ಗುರುಗಳಿಗೆ ಹೇಳುತ್ತಾನೆ, ಊರಿಗೆ ಸುದ್ದಿ ಹೋಗುತ್ತದೆ, ನೆಲ ಬಾಯಿಬಿಡಲಿ ಎಂದು ನಿಂತಿದ್ದೆ. ಆತ ನನ್ನ ಮೊರ ಎತ್ತಿ ಎಲ್ಲರ ಅಕ್ಕಿಯ ಮೇಲೆ ಸುರಿದು ಕೈಯಾಡಿಸಿ ಕಲಸಿಬಿಟ್ಟ. ನಾಳೆ ಖಾಲಿ ಬರ್ರಿ, ಅಡ್ಡಿಲ್ಲ, ಕೊಂಡುಕೊಂಡು ಮಾತ್ರ ಬರಬ್ಯಾಡ್ರಿ, ಒಂದೇ ಚೀಲದ ಅಕ್ಕಿ ಬೇಯ್ಸಾಕ ನಾನ್ಯಾಕ ಬೇಕು, ಯಾರಾದ್ರೂ ಬೇಯಿಸ್ತಾರೆ, ಈ ಹತ್ತು ತರದ್ದು ಐತಲ್ಲ, ದಪ್ಪನೇದು ಬೇಯಬೇಕು, ಸಣ್ಣದು ಮುದ್ದೆ ಆಗಬಾರದು, ಅದು ನೋಡ್ರಿ ಕೆಲಸ, ಅಂದು ನೀರು ಕಾಯಿಸಲು ಹೋದ, ನಾನು ಅಲ್ಲಿಯೇ ರುಬ್ಬುವ ಒರಳಿನ ಪಕ್ಕ ಕೂತೆ, ಎದೆ ಹಗುರವೋ ಹಗುರ, ಸಿಕ್ಕಿಬಿದ್ದದ್ದಕ್ಕೆ ಇಷ್ಟು ಖುಷಿಪಟ್ಟ ಕಳ್ಳ ಇನ್ನೊಬ್ಬನಿರಲಿಕ್ಕಿಲ್ಲ, ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಯಾರೂ ನೋಡದ ಹಾಗೆ ಮಾತಾಡಿದನಲ್ಲ ಕರಿಯಣ್ಣ, ಎಲ್ಲರೂ ಹೋಗುವ ತನಕ ಕಾದನಲ್ಲ, ನನಗೆ ಆ ಬುದ್ಧಿ ಇರಲಿಲ್ಲ, ಓಬವ್ವನ ವಿಷಯದಲ್ಲಿ ಎಲ್ಲರ ಮುಂದೆಯೇ ಮಾಡಿದ್ದೆ.

ಬಂತು, ಬೇಡ ಬೇಡ ಅಂದರೂ ಬಂತು. ಓಬವ್ವ, ಮಿಲ್ಲಿನಲ್ಲಿ ಕಸ ಗುಡಿಸಿ ಅಕ್ಕಿ ಕೇರುತ್ತಿದ್ದ ಹೆಂಗಸು, ಇಪ್ಪತ್ತೆರಡು ವರ್ಷದ ಹಿಂದೆ, ಸಂಜೆ ಆರಕ್ಕೆ ಮಿಲ್ಲು ನಿಂತಿತ್ತು, ಗೇಟಿನ ಹತ್ತಿರ ನನ್ನ ಕುರ್ಚಿ, ಕೆಲಸದ ಹೆಂಗಸರು ಮನೆಗೆ ಹೋಗುವಾಗ ಸೆರಗು ಜಾಡಿಸಿ ತೋರಿಸಿ ಹೋಗಬೇಕು, ಅಪ್ಪನ ಕಾಲದಿಂದ ಬಂದ ರಿವಾಜು, ನಾನು ನೋಡುತ್ತಲೂ ಇರಲಿಲ್ಲ, ಆವತ್ತು ಒಂದು ಚೀಲ ಕಡಿಮೆ ಬಂದಿತ್ತು, ತಲೆ ಕೆಟ್ಟಿತ್ತು, ಏ ಓಬವ್ವ, ನಿಲ್ಲು, ಬಿಚ್ಚು ಮಡ್ಲು, ಅಂದೆ. ಬಿಚ್ಚಿದಳು. ಸೆರಗಿನ ಎರಡು ತುದಿ ಎರಡು ಕೈಯಲ್ಲಿ ಹಿಡಿದು ಅಗಲಿಸಿ ನನ್ನ ಮುಂದೆ ಚಾಚಿದಳು, ಒಳಗೆ ಎಲೆ ಅಡಿಕೆಯ ಚಂಚಿ, ಬಟ್ಟೆಯ ನೂಲಿಗೆ ಸಿಕ್ಕ ಏಳು ಅಕ್ಕಿ ಕಾಳು, ನಾನು ಎಣಿಸಿದೆ, ಜನರ ಮುಂದೆ ಬೆರಳು ಮಾಡಿ ಎಣಿಸಿದೆ, ಇವತ್ತು ಏಳು ಕಾಳು, ನಾಳೆ ಏಳು ಚೀಲ, ಅಂದೆ, ಹಮಾಲರು ನಕ್ಕರು, ನನ್ನ ಅಂಗಿ ಜೇಬಿನಲ್ಲಿಯೇ ಅದಕ್ಕಿಂತ ಹೆಚ್ಚು ಕಾಳಿದ್ದವು, ಮಿಲ್ಲಿನಲ್ಲಿ ಯಾರ ಬಟ್ಟೆಯಲ್ಲಿ ಇರುವುದಿಲ್ಲ. ಅವಳು ಅಳಲಿಲ್ಲ, ಬೈಯಲಿಲ್ಲ, ಅಗಲಿಸಿದ ಸೆರಗನ್ನು ಇನ್ನೊಂದಿಷ್ಟು ಮುಂದೆ ಚಾಚಿ, ಎಣಿಸ್ಕೊಳ್ರಿ ಸಾವ್ಕಾರ್ರೆ, ಸರಿಯಾಗಿ ಎಣಿಸ್ಕೊಳ್ರಿ, ಅಂದಳು. ಮಾರನೇ ದಿನ ಬರಲಿಲ್ಲ. ಮೂರನೇ ದಿನ ಚೀಲ ಹೊಟ್ಟಿನ ರಾಶಿಯ ಹಿಂದೆ ಸಿಕ್ಕಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ನಾನು ಆನೆಯನ್ನೂ ಕೊಡಲಿಲ್ಲ, ಅಡಿಕೆಯನ್ನೂ ಕೊಡಲಿಲ್ಲ, ಆ ರಿವಾಜು ಮಾತ್ರ ಸುಮ್ಮನೆ ಬಿಡಿಸಿದೆ, ಯಾಕೆಂದು ಯಾರಿಗೂ ಹೇಳಲಿಲ್ಲ. ಹೋದ ವರ್ಷ ಗಟ್ಟಿ ಮನಸ್ಸು ಮಾಡಿ ಆನಗೋಡಿಗೆ ಹೋದೆ, ಓಬವ್ವ ಅಲ್ಲಿ ತನ್ನ ಮಗ ಗಿರೀಶನ ಮನೆಯಲ್ಲಿದ್ದಾಳೆಂದು ತಿಳಿದು, ಕಣ್ಣು ಮಂಜಾಗಿದೆ, ದನಿಯಲ್ಲಿಯೇ ಗುರುತು ಹಿಡಿದಳು, ಬರ್ರಿ ಸಾವ್ಕಾರ್ರೆ, ಕೂಡ್ರಿ, ಅಂದಳು, ಕೂತೆ, ತಪ್ಪಾಯಿತು ಅನ್ನಬೇಕು, ಕ್ಷಮೆ ಕೇಳಬೇಕು, ಬಾಯಿಗೆ ಬಂತು, ಕೆಮ್ಮಿದೆ, ಅವಳು ಸೊಸೆಯನ್ನು ಕರೆದು, ಆಶಾ, ಸಾವ್ಕಾರ್ರಿಗೆ ನೀರು ತಗಂಬಾ, ಅಂದಳು, ಕುಡಿದು ಎದ್ದು ಬಂದೆ. ಆ ನೀರು ಇನ್ನೂ ಇಳಿದಿಲ್ಲ. ಗುರುಗಳ ಹತ್ತಿರ ಸೇವೆ ಎಂದು ಹೋದದ್ದು ಅದಾದ ಮೇಲೆಯೇ, ಒಂದು ವರ್ಷ ದುಡಿದರೆ ಬಾಯಿ ಬಂದೀತು ಎಂಬ ಆಸೆ.

ಮೂರನೇ ಸೀಟಿ. ಸೀಟಿ ಇಳಿಯುವ ಮುಂಚೆ ಕೈ ಚಿಲಕದ ಮೇಲಿದೆ, ಅದು ಯಾವಾಗ ಹೋಯಿತೋ, ಗೇಟು ಕಿರ್ ಎನ್ನುತ್ತದೆ, ಬಾಗಿಲು ತೆರೆಯುತ್ತದೆ, ಒಬ್ಬ ಹೆಣ್ಣುಮಗಳು, ಕಿವಿ ಭುಜಗಳ ನಡುವೆ ಫೋನು, ಕೈಗೆ ಹಿಟ್ಟು ಮೆತ್ತಿದೆ, ಒಂದ್ನಿಮಿಷ ಸಹನಾ ಯಾರೋ ಬಂದಾರೆ, ಎಂದು ಫೋನಿಗೆ, ಏನ್ ಬೇಕಾಗಿತ್ರೀ, ಎಂದು ನನಗೆ. ಏನು ಬೇಕಾಗಿತ್ತು. ಅರವತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಏನು ಕೊಡ್ತೀರಿ ಅಂತಲೇ ಎಲ್ಲರೂ ಕೇಳಿದ್ದು. ಗಂಟಲು ಕೆರೆಯುತ್ತಿದೆ, ಕೆಮ್ಮು ಬರುತ್ತಿದೆ, ಕೆಮ್ಮಬೇಡ, ನುಂಗು — ಅಕ್ಕಿ ಬೇಕಾಗಿತ್ತು ತಾಯಿ, ದಾಸೋಹಕ್ಕೆ, ಒಂದು ಹಿಡಿ. ಯಾರ ದನಿ ಇದು, ನನ್ನದೇ, ಎದುರು ಮನೆಯವರೂ ತಿರುಗಿ ನೋಡುವಷ್ಟು ಜೋರು, ಹಮಾಲರನ್ನು ಕೂಗುವ ದನಿಯಲ್ಲೇ ಭಿಕ್ಷೆ ಕೇಳಿದೆನಲ್ಲ, ಆಕೆ ಒಂದು ಹೆಜ್ಜೆ ಹಿಂದೆ ಸರಿದು, ಕೊಡ್ತೀನಿ ಬಿಡ್ರಿ, ಅದಕ್ಕ್ಯಾಕ ಅಷ್ಟು ಒದರತೀರಿ, ಎಂದು ನಕ್ಕು ಒಳಗೆ ಹೋಗಿ ಪಾವು ತುಂಬ ತಂದಳು. ಪಾವು ಬ್ಯಾಡ ತಾಯಿ, ಒಂದೇ ಹಿಡಿ, ನಮ್ಮದು ಹಂಗೈತೆ ನೇಮ. ಒಂದು ಹಿಡಿ ಯಾವ ಮೂಲೆಗ್ರೀ, ಅನ್ನುತ್ತಲೇ ಸೆರಗಿಗೆ ಹಿಟ್ಟು ಒರೆಸಿಕೊಂಡು ಪಾವಿನೊಳಗಿಂದ ಹಿಡಿ ತುಂಬಿದಳು, ಹಿಡೀರಿ ಮತ್ತೆ, ಹಂಗಲ್ಲ, ಅಗಲಕ್ಕೆ ಹಿಡೀರಿ, ಚೆಲ್ಲತೈತೆ. ಹಿಡಿದೆ. ಬಿತ್ತು. ಇಷ್ಟೇ ಸಪ್ಪಳ, ಒಣ ಎಲೆಯ ಮೇಲೆ ನಾಲ್ಕು ಹನಿ ಬಿದ್ದಷ್ಟು, ಬಾಗಿಲು ಮುಚ್ಚಿತು, ಹ್ಞೂಂ ಸಹನಾ ಹೇಳು, ಎನ್ನುವ ಮಾತು ಒಳಗೆ ಸರಿದುಹೋಯಿತು, ಆಕೆಗೆ ಇದು ಏನೂ ಅಲ್ಲ, ಇನ್ನೊಂದು ಗಳಿಗೆಗೆ ಮರೆತಿರುತ್ತಾಳೆ, ನನಗೆ ಮಾತ್ರ ಮೈಯೆಲ್ಲ ಬೆವರು, ಅಬ್ಬಾ, ಮುಗಿಯಿತು, ಇಷ್ಟೇನಾ, ಇಷ್ಟಕ್ಕೇನಾ ಮೂರು ದಿನ ಸತ್ತದ್ದು, ಶಕುಂತಲಮ್ಮನಿಗೆ ಫೋನು ಮಾಡಿ ಹೇಳಬೇಕು, ಕೆಮ್ಮಲಿಲ್ಲ ಕಣೇ, ಕರಿಯಣ್ಣನಿಗೆ ತೋರಿಸಬೇಕು, ಸೋನಾ ಅಂದುಕೊಂಡಿದ್ದೆನಲ್ಲ, ಜೋಳಿಗೆಯಲ್ಲಿ ಬಿದ್ದಿರುವುದು ದಪ್ಪ ರೇಷನ್ ಅಕ್ಕಿ, ಉಣ್ಣುವುದು ಒಂದು ಕೊಡುವುದು ಒಂದು, ಘಾಟಿ ಹೆಂಗಸು, ಇರಲಿ, ಕೊಟ್ಟಳಲ್ಲ, ಬೇಯಿಸಲಿ ಕರಿಯಣ್ಣ. ಇನ್ನು ಮೂವತ್ತೊಂಬತ್ತು ಮನೆ. ಭಾನುವಾರ ಆನಗೋಡಿನ ಬಸ್ಸು ಹತ್ತಬೇಕು, ನೀರು ತಂದರೆ ಮುಟ್ಟಬಾರದು, ಮೊದಲು ಬಾಯಿ ಬಿಡಬೇಕು, ತಪ್ಪಾತು ಓಬವ್ವ, ಜೋರಾಗಿ, ಗಿರೀಶ, ಆಶಾ, ಓಣಿಯವರು ಎಲ್ಲ ಕೇಳುವ ಹಾಗೆ, ಎಲ್ಲರ ಮುಂದೆಯೇ. ಜೋಳಿಗೆ ಮಡಚಬೇಕು, ಪಕ್ಕದ ಗೇಟಿಗೆ ಹೋಗಬೇಕು, ಕೈ ಯಾಕೆ ಮಡಚುತ್ತಿಲ್ಲ, ಹಿಡಿದ ಹಾಗೆಯೇ ನಿಂತಿದ್ದೇನೆ, ಎರಡು ಕೈ, ಅಗಲಿಸಿದ ಬಟ್ಟೆ, ತಳದಲ್ಲಿ ಒಂದಿಷ್ಟು ಕಾಳು, ಎಣಿಸುವುದಿಲ್ಲ ನಾನು, ಎರಡು ಕೈ, ಅಗಲಿಸಿದ ಬಟ್ಟೆ, ಹೀಗೆ, ನನ್ನ ಮುಂದೆ, ಅವಳು ಹೀಗೆಯೇ ಹಿಡಿದುಕೊಂಡು ನಿಂತಿದ್ದಳು.