ತಿರುಪು ಬಿಗಿದ ಪೆಟ್ಟಿಗೆ

ಹನ್ನಾ ಶವಪೆಟ್ಟಿಗೆಯ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸುತ್ತಿದ್ದಾಗ ಗಂಡ ರಾಲ್ಫ್ ಬಂದು ಅವಳ ಮಣಿಕಟ್ಟು ಹಿಡಿದ.

"ಬಿಡು. ನನ್ನ ಮಗ ಅವನು."

"ನನಗೂ ಮಗನೇ ಕಣೆ. ತೆಗೀಬಾರದು ಅಂತ ಸೇನೆಯವರು ಹೇಳಿ ಕಳಿಸಿದಾರೆ."

"ಹೇಳೋಕೆ ಅವರ್ಯಾರು? ಹೆತ್ತೋಳು ನಾನು."

ಜರ್ಮನಿಯ ಮೇಲೆ ಬಾಂಬು ಹಾಕಿ ಮರಳುತ್ತಿದ್ದ ವಿಮಾನ ತನ್ನ ನೆಲೆಯ ಹತ್ತಿರವೇ ಹೊಲದಲ್ಲಿ ಬಿದ್ದು ಉರಿದುಹೋಗಿತ್ತು. ಅದರ ಬಾಲದಲ್ಲಿ ಬಂದೂಕು ಹಿಡಿದು ಕೂರುತ್ತಿದ್ದ ಗನ್ನರ್ ನಾರ್ಮನ್, ಇನ್ನೂ ಹತ್ತೊಂಬತ್ತರ ಹುಡುಗ, ನಿನ್ನೆ ರೈಲಿನಲ್ಲಿ ಹೀಗೆ ಊರಿಗೆ ಬಂದಿದ್ದ. ಪೆಟ್ಟಿಗೆಯ ಜೊತೆ ಬಂದ ಗೆಳೆಯ, ಸಾರ್ಜೆಂಟ್ ಡಗ್ಲಸ್, ಬಾಗಿಲ ಬಳಿ ಟೋಪಿ ಹಿಸುಕುತ್ತ ನಿಂತಿದ್ದ. ಜ್ವರ ಬಂದಿದ್ದರಿಂದ ಆ ದಿನ ಅವನು ವಿಮಾನ ಹತ್ತಿರಲಿಲ್ಲ.

ಡರ್ಹಮ್ಮಿನ ಈ ಕಲ್ಲಿದ್ದಲು ಗಣಿಯ ಊರಲ್ಲಿ ಸತ್ತವರನ್ನು ಮುಟ್ಟದೆ ಯಾರೂ ಕಳಿಸುವುದಿಲ್ಲ. ಹಣೆಯ ಮೇಲೆ ಅಂಗೈ ಇಟ್ಟರೆ ಅವರು ಸುಮ್ಮನೆ ಮಲಗುತ್ತಾರೆ. ಇಡದಿದ್ದರೆ ಕನಸಿಗೆ ಬಂದು ಬಂದು ಪ್ರಾಣ ತಿನ್ನುತ್ತಾರೆ. ಪಾದ್ರಿ ಎಷ್ಟು ಬೈದರೂ ಈ ನಂಬಿಕೆ ಹೋಗಿಲ್ಲ. ಗಣಿ ಕುಸಿದು ಜಜ್ಜಿಹೋದವರನ್ನೂ ಊರಿನ ಹೆಣಗಳನ್ನು ಅಣಿಮಾಡುವ ಬೆಸ್ಸಿ ಅಜ್ಜಿ ತೊಳೆದು, ಹಣೆಯಷ್ಟನ್ನಾದರೂ ಮನೆಯವರಿಗೆ ತೆರೆದಿಡುತ್ತಿದ್ದಳು. ಇವತ್ತು ಅವಳಿಗೆ ಕೆಲಸವಿಲ್ಲ. ಆದರೂ ಬೋಗುಣಿ ತಂದು ಬೆಳಗಿನಿಂದ ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದಳು.

"ಮುಟ್ಟಲಿ ಬಿಡೋ ರಾಲ್ಫ್," ಅಂದಳು. "ಎಂಥೆಂಥದ್ದನ್ನ ನೋಡಿಲ್ಲ ನಾವು?"

ರಾಲ್ಫ್ ಡಗ್ಲಸ್‌ನತ್ತ ನೋಡಿದ. ಅವನು ಬೇಡವೆಂದು ತಲೆಯಾಡಿಸಿದ. ರಾಲ್ಫ್ ಸ್ಕ್ರೂಡ್ರೈವರ್ ಕಿತ್ತುಕೊಂಡು ಜೇಬಿಗಿಟ್ಟ.

*

"ಗಣಿಗೆ ಮಾತ್ರ ಇಳೀಬೇಡ" ಎಂದು ರಾಲ್ಫ್ ಮಗನಿಗೆ ಚಿಕ್ಕಂದಿನಿಂದ ಹೇಳಿದ್ದ. ಇಳಿದಿದ್ದರೆ, ಯುದ್ಧಕ್ಕೆ ಕಲ್ಲಿದ್ದಲು ತೆಗೆಯುವವನೂ ಬೇಕೆಂದು ಸೇನೆ ಅವನ ತಂಟೆಗೇ ಬರುತ್ತಿರಲಿಲ್ಲ. ಬಾಣಲೆಯಿಂದ ತಪ್ಪಿಸಿ ಬೆಂಕಿಗೆ ಹಾಕಿದೆನಲ್ಲ ಎಂದು ಈಗ ತನ್ನನ್ನೇ ಶಪಿಸಿಕೊಳ್ಳುತ್ತಿದ್ದ. ನಾರ್ಮನ್ ಅಂಗಡಿಯ ಸಾಮಾನನ್ನು ಸೈಕಲ್ಲಿನಲ್ಲಿ ಮನೆಮನೆಗೆ ಕೊಡುತ್ತಿದ್ದ. ಗಿಡ್ಡ ಆಳು, ವಿಮಾನದ ಬಾಲದ ಗೂಡಿಗೆ ಹೇಳಿ ಮಾಡಿಸಿದ ಹಾಗಿದ್ದ.

ಕೊನೆಯ ರಜೆಯಲ್ಲಿ ಹನ್ನಾ ಕೇಳಿದ್ದಳು: "ಅಲ್ಲಿ ಏನೋ ಮಾಡ್ತೀಯ?"

"ಬಸ್ಸಿನ ಹಿಂದಿನ ಸೀಟಲ್ಲಿ ಕೂತು ಊರು ನೋಡ್ತೀನಮ್ಮ. ಟಿಕೆಟ್ಟೂ ಕೇಳಲ್ಲ."

ಅವಳು ನಗುತ್ತ ಒಳಗೆ ಹೋದಮೇಲೆ ತಂದೆಯ ಹತ್ತಿರ ಸರಿದ.

"ನಿನ್ನ ಗಣಿ ಥರಾನೇ ಅಪ್ಪ. ಕತ್ತಲು, ಚಳಿ, ಮುದುಡಿ ಕೂರಬೇಕು, ಹತ್ತಿರ ಯಾರೂ ಇರಲ್ಲ. ಎಲ್ಲಿಗೆ ಹೋಗ್ತಿದೀವಿ ಅಂತ ಕಾಣೋದೇ ಇಲ್ಲ. ನಾವು ಹೊತ್ತಿಸಿದ ಊರು ಮಾತ್ರ ಎಷ್ಟೋ ಹೊತ್ತು ಕಾಣ್ತಿರುತ್ತೆ."

"ಹೆದರಿಕೆ ಆಗುತ್ತೇನೋ?"

"ಅಮ್ಮಂಗೆ ಹೇಳ್ಬೇಡ."

*

ಚರ್ಚಿನ ದಾರಿ ಇಳಿಜಾರು. ಪೆಟ್ಟಿಗೆಗೆ ರಾಲ್ಫ್ ಮುಂದೆ ಹೆಗಲು ಕೊಟ್ಟಿದ್ದ, ಅವನ ಹಿಂದೆ ಡಗ್ಲಸ್. ಇಳಿಯತೊಡಗಿದಾಗ ಒಳಗೆ ಏನೋ ಸರಸರನೆ ಜಾರಿ ರಾಲ್ಫ್‌ನ ಕಿವಿಯ ಪಕ್ಕ ಬಂದು ನಿಂತಿತು. ತೂಕಕ್ಕೆಂದು ತುಂಬಿದ ಮರಳು.

"ಒಳಗೆ ಅವನದು ಏನಾದ್ರೂ ಇದೆಯೇನಪ್ಪಾ?" ಅವನು ತಿರುಗದೆ ಕೇಳಿದ.

"ಸ್ವಲ್ಪ," ಅಂದ ಡಗ್ಲಸ್. "ಕ್ಷಮಿಸಿ ಸಾರ್. ಸ್ವಲ್ಪ ಇದೆ."

ಪೆಟ್ಟಿಗೆಯನ್ನು ರಸ್ತೆಗೆ ಎಸೆದು ಚೀರಬೇಕೆನಿಸಿತು ರಾಲ್ಫ್‌ಗೆ. ಹನ್ನಾ ಹಿಂದೆಯೇ ಬರುತ್ತಿದ್ದಳು. ಹೆಜ್ಜೆ ಹಾಕಿದ.

ಗುಂಡಿಯ ಬಳಿ ಹಗ್ಗ ಹಿಡಿಯುವ ಹೊತ್ತಿಗೆ ಅವಳು ಅಡ್ಡ ನಿಂತಳು. ಪಾದ್ರಿ ಓದುವುದನ್ನು ನಿಲ್ಲಿಸಿದ.

"ಮುಟ್ಟದೆ ಇಳಿಸೋಕೆ ಬಿಡಲ್ಲ. ಒಬ್ಬನೇ ಕೂತು ಸತ್ತಿದಾನೆ ನನ್ನ ಮಗ. ಇನ್ನು ದಿನಾ ಕನಸಿಗೆ ಬರ್ತಾನೆ. ಬಂದು ಕೇಳಿದ್ರೆ ಏನು ಹೇಳ್ಲಿ?"

ರಾಲ್ಫ್ ಹಗ್ಗ ಕೆಳಗಿಟ್ಟು ಅವಳ ಹತ್ತಿರ ಬಂದ.

"ನಾನು ಮುಟ್ಟಿದೀನಿ," ಅಂದ ರಾಲ್ಫ್.

"ಸುಳ್ಳು."

"ಬೆಳಿಗ್ಗೆ ನಿನಗೆ ಜೋಂಪು ಹತ್ತಿತ್ತಲ್ಲ, ಆಗ ಬಿಚ್ಚಿದೆ. ಮೈ ನೋಡೋ ಹಾಗಿರಲಿಲ್ಲ. ಅದಕ್ಕೇ ನಿನ್ನ ತಡೆದಿದ್ದು. ಹಣೆ ಚೆನ್ನಾಗಿತ್ತು. ಇದೇ ಕೈ ಇಟ್ಟೆ."

"ಕೂದಲು?"

"ಹಣೆ ಮೇಲೆ ಬಿದ್ದಿತ್ತು. ಹಿಂದಕ್ಕೆ ಸರಿಸಿದೆ."

ಹನ್ನಾ ಬೆಸ್ಸಿ ಅಜ್ಜಿಯ ಕಡೆ ತಿರುಗಿದಳು.

"ಹೌದು ಕಣಮ್ಮ," ಅಂದಳು ಅಜ್ಜಿ. "ನಾನು ಅಲ್ಲೇ ಇದ್ದೆನಲ್ಲ."

ಪೆಟ್ಟಿಗೆ ಇಳಿಯಿತು. ಹನ್ನಾ ಅತ್ತ ನೋಡಲಿಲ್ಲ. ರಾಲ್ಫ್‌ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಆ ಒರಟು ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. ಮಣ್ಣು ಹಾಕಬೇಕೆಂದು ಪಾದ್ರಿ ಮೆಲ್ಲಗೆ ಹೇಳಿದ. ಅವಳು ಕೈ ಬಿಡಲಿಲ್ಲ. ರಾಲ್ಫ್ ಬಗ್ಗಿ, ಮಗನಿಗೆ ಎಡಗೈಯಲ್ಲಿ ಮಣ್ಣು ಹಾಕಿದ.