ಏಳನೆಯ ಚುಕ್ಕೆ

ಗಾಜಿನ ಮೇಲೆ ಯಾರದೋ ಮೂಗು, ನನ್ನದೇ, ಚೌಕಟ್ಟಿಗೆ ಇಷ್ಟು ಹತ್ತಿರ ನಿಂತರೆ ಇನ್ಯಾರದು ಕಾಣುತ್ತದೆ, ಒಂದು ಹೆಜ್ಜೆ ಹಿಂದೆ ಸರಿದರೆ ಮೂಗು ಹೋಗಿ ಕಪ್ಪು ಬರುತ್ತದೆ, ಕಪ್ಪಿನಲ್ಲಿ ಬಿಳಿ ಚುಕ್ಕೆಗಳು, ಮೇಲಿನ ಸಾಲಿನಲ್ಲಿ ನಾಲ್ಕು, ಕೆಳಗೆ ಎರಡು, ಒಟ್ಟು ಆರು — ಆರೇ ಯಾಕೆ? ಏಳಿರಬೇಕು, ನನ್ನದರಲ್ಲಿ ಏಳಿವೆ, ಮೇಲೆ ನಾಲ್ಕು ಕೆಳಗೆ ಮೂರು, ನನ್ನದು ಬಿಳಿಯ ಮೇಲೆ ಕಪ್ಪು, ಅವಳದು ಕಪ್ಪಿನ ಮೇಲೆ ಬಿಳಿ, ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಬಿಳಿ ಕಪ್ಪಾಗುತ್ತದೆ, ಅದಕ್ಕೆ ಕಲೆ ಬೇಕಿಲ್ಲ, ಬೆರಳು ಸಾಕು. ಗುರುತು ಸಿಗಬಾರದೆಂದು ಕೆಳಸಾಲಿನ ತುದಿಯ ಚುಕ್ಕೆಯನ್ನು ಅಳಿಸಿದ್ದಾಳೆ, ಮೇಲಿನ ಸಾಲಿನ ಮೂರನೆಯದನ್ನು ಒಂಚೂರು ಕೆಳಗೆ ಸರಿಸಿದ್ದಾಳೆ, ಕದ್ದ ಸೈಕಲ್ಲಿಗೆ ಬೇರೆ ಬಣ್ಣ ಬಳಿಯುತ್ತಾರಲ್ಲ ಹಾಗೆ, ಆದರೆ ಅಳಿಸಿದ್ದೂ ನೆಟ್ಟಗಿಲ್ಲ, ಏಳನೆಯದು ಇರಬೇಕಾದ ಜಾಗವನ್ನು ಕಣ್ಣು ಕಿರಿದು ಮಾಡಿ ನೋಡಿದರೆ ಏನೋ ಒಂದು ತೇವದ ಮಿನುಗು, ಎಳೆಯಷ್ಟು, ಪ್ರಿಂಟಿನ ದೋಷ, ನನ್ನ ಅಂಗಡಿಯಲ್ಲಾಗಿದ್ದರೆ ಹರಿದು ಹಾಕಿ ಇನ್ನೊಂದು ತೆಗೆಯುತ್ತಿದ್ದೆ. ಪಕ್ಕದಲ್ಲಿ ಚೀಟಿ, ಚಿತ್ರ ಹದಿನಾಲ್ಕು, ಶೀರ್ಷಿಕೆ ಇಲ್ಲ, ತೆಗೆದವಳ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿ, ನನ್ನ ತಂಗಿ, ಮನೆಯಲ್ಲಿ ಅವಳಿಗೆ ಇರುವೆ ಅಂತಲೇ ಹೆಸರು, ಸಕ್ಕರೆ ಡಬ್ಬಿಯಲ್ಲಿ ಕೈಯಿಟ್ಟು ಸಿಕ್ಕಿಬಿದ್ದ ದಿನದಿಂದ, ಆ ಕೈಯ ಬುದ್ಧಿ ಆಗಲೇ ತಿಳಿಯಬೇಕಿತ್ತು. ನಾಲ್ಕಕ್ಕೆ ಗಡ್ಡದವರು ಬರುತ್ತಾರೆ, ಈ ಸಭಾಂಗಣ ನಡೆಸುವವರು, ವರ್ಷಕ್ಕೊಬ್ಬರನ್ನು ಆರಿಸಿ ಅವರ ಚಿತ್ರಗಳನ್ನು ಪುಸ್ತಕ ಮಾಡುವವರು, ಈ ಸಲ ಇರುವೆಯದೇ ಅಂತ ಎಲ್ಲರ ಬಾಯಲ್ಲೂ ಇದೆ, ನನ್ನ ಚೀಲದಲ್ಲಿ ಒಂದು ಲಕೋಟೆ, ಅದರಲ್ಲಿ ಒಂದು ಪುಟದ ದೂರು, ಜೊತೆಗೆ ನನ್ನ ಏಳು ಚುಕ್ಕೆಯ ಪ್ರಿಂಟು, ಹದಿನಾಲ್ಕನೆಯ ಚಿತ್ರ ನನ್ನದು, ಕದ್ದದ್ದು, ಇಂತಿ. ಅದು ಅವರ ಕೈಗೆ ಹೋದರೆ ಪುಸ್ತಕ ಹೋಗುತ್ತದೆ, ಗೋಡೆಯ ಮೇಲಿನ ಇಪ್ಪತ್ತೂ ಇಳಿಯುತ್ತವೆ, ತಂಗಿಯೂ ಹೋಗುತ್ತಾಳೆ, ಗೊತ್ತು, ಗೊತ್ತಿದ್ದೇ ಬಂದಿದ್ದೇನೆ. ಗೋಡೆ ಗಡಿಯಾರದಲ್ಲಿ ಈಗ ಮೂರೂ ಇಪ್ಪತ್ತು.

ಅವಳಿಗೆ ಚುಕ್ಕೆಗಳು ಎಲ್ಲಿಂದ ಬರಬೇಕು, ನನಗೆ ಬಂದದ್ದು ಸೋಪಿನ ಡಬ್ಬಿಯಿಂದ, ಬಿಳಿ ಪ್ಲಾಸ್ಟಿಕ್ಕಿನದು, ನೀರು ಬಸಿದು ಹೋಗಲು ತಳದಲ್ಲಿ ಏಳು ತೂತು, ವರ್ಷಗಟ್ಟಲೆ ಕೈ ತೊಳೆದಿದ್ದೇನೆ, ಒಂದು ಬೆಳಿಗ್ಗೆ ತೊಳೆದು ಕವುಚಿ ಇಟ್ಟಾಗ ಬೆಳಕು ಬಿದ್ದು ನಲ್ಲಿ ನಿಲ್ಲಿಸುವುದನ್ನೂ ಮರೆತು ನೋಡುತ್ತ ನಿಂತೆ, ಯಾಕೆ ಅಂತ ಕೇಳಿಕೊಳ್ಳಲಿಲ್ಲ, ಕೇಳಿಕೊಂಡರೆ ಚಿತ್ರ ಓಡಿಹೋಗುತ್ತದೆ, ಕ್ಯಾಮೆರಾ ತಂದೆ, ಹತ್ತಿರ ಹೋದೆ, ಇನ್ನೂ ಹತ್ತಿರ, ಅಪ್ಪ ಹೇಳುತ್ತಿದ್ದ ಹಾಗೆ, ವಸ್ತುವಿನ ಹೆಸರು ಮರೆತುಹೋಗೋವರೆಗೂ ಹತ್ತಿರ ಹೋಗು ಮಗಳೇ, ಆಮೇಲೆ ಕ್ಲಿಕ್ ಮಾಡು. ಸೋಪಿನ ಡಬ್ಬಿ ಡಬ್ಬಿಯಾಗಿ ಉಳಿಯಲಿಲ್ಲ, ಹಾಲಿನಂಥ ಬಯಲಿನಲ್ಲಿ ಏಳು ಕಪ್ಪು ಚುಕ್ಕೆ, ಅಂಥ ಚಿತ್ರ ಮೂವತ್ತು ವರ್ಷದಲ್ಲಿ ಒಂದೇ. ಉಳಿದ ದಿನವೆಲ್ಲ ಅಪ್ಪ ಬಿಟ್ಟುಹೋದ ಸ್ಟುಡಿಯೋದಲ್ಲಿ ಗುರುತಿನ ಚೀಟಿಯ ಫೋಟೋ, ಗಲ್ಲ ಸ್ವಲ್ಪ ಕೆಳಗೆ, ಕನ್ನಡಕ ತೆಗೀರಿ, ನಗಬೇಡಿ, ಆಯ್ತು, ಮುಂದಿನವರು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಲೋಟದ ತಳ, ಇಸ್ತ್ರಿಪೆಟ್ಟಿಗೆಯ ಹೊಟ್ಟೆ, ಒದ್ದೆ ಕಾಲೊರೆಸಿನ ಎಳೆ, ಒಬ್ಬ ಗಿರಾಕಿ ಪರದೆಯಲ್ಲಿ ಇಣುಕಿ ಅಯ್ಯೋ ಮೇಡಂ ಯಾರದಿದು ಪಾಪ, ಫೋಟೋ ಹಾಳಾಗಿದೆಯಲ್ಲ ಅಂದಿದ್ದ, ಅಂದಿನಿಂದ ಯಾರಿಗೂ ತೋರಿಸಿಲ್ಲ, ಎಲ್ಲವನ್ನೂ ಒಂದು ಫೋಲ್ಡರಿನಲ್ಲಿ ಹಾಕಿ ಅದಕ್ಕೆ ಪ್ರಿಂಟರ್ ರಿಪೇರಿ ಅಂತ ಹೆಸರಿಟ್ಟೆ, ಆ ಹೆಸರಿನ ಫೋಲ್ಡರನ್ನು ಯಾವ ಮನುಷ್ಯ ಪ್ರಾಣಿ ತೆರೆಯುತ್ತದೆ? ಕಳೆದ ತಿಂಗಳು ಕಣ್ಣುಬೇನೆ ಬಂತು, ಎರಡೂ ಕಣ್ಣು ಕೆಂಪಗೆ ಅಂಟಿಕೊಂಡು ಮೂರು ದಿನ ಮಲಗಿದೆ, ನೀನು ರೆಸ್ಟ್ ತಗೋ ಅಕ್ಕಾ, ಅಂಗಡಿ ನಾನು ನೋಡ್ಕೋತೀನಿ, ಎಷ್ಟು ಪ್ರೀತಿ, ಎರಡನೇ ದಿನ ಮಧ್ಯಾಹ್ನ ಫೋನು, ಅಕ್ಕಾ, ಪ್ರಿಂಟರ್ ಕೈಕೊಟ್ಟಿದೆ ಕಣೇ, ಏನ್ ಮಾಡ್ಲಿ? ಪ್ರಿಂಟರ್ ಕೈಕೊಟ್ಟರೆ ಮನುಷ್ಯ ಏನು ಹುಡುಕುತ್ತಾನೆ, ಪ್ರಿಂಟರ್ ರಿಪೇರಿ ಹುಡುಕುತ್ತಾನೆ, ನನ್ನ ಬುದ್ಧಿವಂತಿಕೆಗೆ ನಾನೇ ಬೆಂಕಿ ಹಾಕಬೇಕು. ಮೂರನೇ ದಿನ ಬೀಗದ ಕೈ ಕೊಡಲು ಬಂದವಳು ನನ್ನ ಮುಖವನ್ನು ನೆಟ್ಟಗೆ ನೋಡಲಿಲ್ಲ, ಕೆಂಗಣ್ಣು ನೋಡಿದರೆ ಅಂಟುತ್ತದೆ ಅಂತ ನಕ್ಕಳು, ಕಣ್ಣು ತಪ್ಪಿಸಲು ಎಂಥ ಒಳ್ಳೆಯ ನೆಪ.

ಮೂರೂವರೆ, ಮಿಕ್ಕ ಚಿತ್ರಗಳನ್ನೂ ನೋಡಿಬಿಡೋಣ, ಇನ್ನೇನೇನು ಹೋಗಿದೆಯೋ, ಆರನೆಯದು ಬೂದು ಗೆರೆಗಳು, ಗೆರೆಗಳ ನಡುವೆ ಒಂದು ಸಂದು, ಜನ ಇದನ್ನು ಬೇಲಿ ಅನ್ನುತ್ತಾರೆ, ಮಳೆ ಅನ್ನುತ್ತಾರೆ, ನನಗೆ ಗೊತ್ತು, ಅಮ್ಮನ ಬಾಚಣಿಗೆ, ಒಂದು ಹಲ್ಲು ಮುರಿದದ್ದು, ಆ ಸಂದಿನಲ್ಲಿ ನನ್ನ ಕೂದಲೇ ಸಿಕ್ಕಿಕೊಳ್ಳುತ್ತಿತ್ತು, ಅವಳದಲ್ಲ, ಅವಳದು ಹೇನಿಗೆ ಹೆದರಿ ಕತ್ತರಿಸಿದ ತಲೆ. ಒಂಬತ್ತನೆಯದರಲ್ಲಿ ಕಂದು ಕಲೆ, ಅಂಚು ಮಾತ್ರ ಗಾಢ, ಅಮ್ಮ ಮರೆತು ಇಸ್ತ್ರಿಪೆಟ್ಟಿಗೆ ಇಟ್ಟುಹೋದ ಮೇಜುಬಟ್ಟೆ, ಅದನ್ನು ಮಡಿಸಿಟ್ಟವಳು ನಾನು, ಇವಳಿಗೆ ಯಾವಾಗ ಸಿಕ್ಕಿತು? ಅಮ್ಮ ಹೋದ ಮೇಲೆ ಪಾತ್ರೆ ಹಂಚಿಕೊಂಡೆವು, ಕುರ್ಚಿ ಹಂಚಿಕೊಂಡೆವು, ನೆನಪುಗಳನ್ನು ಹಂಚಿಕೊಳ್ಳಲಿಲ್ಲ, ಅದೇ ತಪ್ಪಾಯಿತು, ಇವಳು ಸದ್ದಿಲ್ಲದೆ ಎಲ್ಲವನ್ನೂ ತನ್ನ ಮನೆಗೆ ಸಾಗಿಸಿದ್ದಾಳೆ. ಇವಳ ನೆನಪು ಅಂದರೆ ನಮ್ಮ ಮನೆಯಲ್ಲಿ ಒಂದೇ ಕತೆ, ಬಂದವರಿಗೆಲ್ಲ ಅಪ್ಪ ಹೇಳುತ್ತಿದ್ದದ್ದು, ಐದು ವರ್ಷದ ಇರುವೆ ಸ್ಟುಡಿಯೋದ ಮರದ ಬೀರುವಿಗೆ ಹೊಕ್ಕು ಪೇಪರಿನ ಪೊಟ್ಟಣಗಳ ಮೇಲೆ ನಿದ್ದೆ ಹೋದದ್ದು, ಇಡೀ ಬೀದಿ ಹುಡುಕಿದ್ದು, ಸಾಯಂಕಾಲ ಬಾಗಿಲು ತೆಗೆದರೆ ಒಳಗೆ ಬೆವರಿ ಮುದ್ದೆಯಾಗಿ ಬಿದ್ದಿದ್ದು, ನಮ್ಮಲ್ಲಿ ಫೋಟೋ ಪೇಪರಿನ ಜೊತೆ ಇರುವೆನೂ ಸ್ಟಾಕಿತ್ತು ಅಂತ ಅಪ್ಪ ನಗಿಸುತ್ತಿದ್ದರು, ಅವರ ನಂತರ ನಾನೂ ಎಷ್ಟು ಜನಕ್ಕೆ ಹೇಳಿದ್ದೇನೆ, ಅವಳ ಮದುವೆಯ ದಿನವೂ ಹೇಳಿದೆ, ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವಳೂ ನಕ್ಕಳು — ನಕ್ಕಳೇ? ನೀರಿನ ಲೋಟ ಎತ್ತಿಕೊಂಡಳು, ಅದು ನೆನಪಿದೆ, ನಗು ನೆನಪಿಲ್ಲ. ಅವಳು ಬೀರುವಿನಲ್ಲಿ ಸಿಕ್ಕ ಆ ದಿನವೇ ಅಪ್ಪ ನನ್ನ ಫೋಟೋ ತೆಗೆದಿದ್ದರು, ನನಗೆ ಒಂಬತ್ತು, ಸ್ಟುಡಿಯೋದ ಮುಂದಿನ ಗಾಜಿನ ಕಪಾಟಿನಲ್ಲಿ ಬೀದಿಗೆ ಕಾಣುವ ಹಾಗೆ ಹನ್ನೊಂದು ವರ್ಷ ಇತ್ತು, ನಾನೊಬ್ಬಳೇ, ಎರಡು ಜಡೆ, ಕೈಯಲ್ಲಿ ಚೆಂಡು, ಬಿಸಿಲಿಗೆ ಬಣ್ಣ ಹೋಗಿ ಕೊನೆಗೆ ಚೆಂಡು ಮಾತ್ರ ಉಳಿದಿತ್ತು.

ಅಕ್ಕಾ, ಬಂದೇ ಬಿಟ್ಯಲ್ಲ, ಇರುವೆ, ಕೈಯಲ್ಲಿ ಎರಡು ಕಾಗದದ ಲೋಟ, ಚಹಾ, ಒಂದನ್ನು ನನಗೆ ಹಿಡಿಯುತ್ತಾಳೆ, ಅಂಗಡಿ ಯಾರು ನೋಡ್ಕೋತಿದಾರೆ? ಮುಚ್ಚಿ ಬಂದೆ ಕಣೇ. ನನಗೋಸ್ಕರ ಅಂಗಡಿ ಮುಚ್ಚಿದ್ಯಾ, ಕಣ್ಣಲ್ಲಿ ನೀರು ತುಂಬಿಕೊಂಡೇ ಬಿಟ್ಟಳು, ನಟನೆ, ಇಷ್ಟು ವರ್ಷ ಮುಖಗಳನ್ನೇ ನೋಡಿದವಳು ನಾನು, ನಗಬೇಡಿ ಅಂದಾಗ ಒಳಗೊಳಗೇ ನಗುವವರನ್ನು ಹಿಡಿಯಬಲ್ಲೆ, ಇವಳನ್ನು ಹಿಡಿಯಲಾಗುತ್ತಿಲ್ಲ, ಚಹಾ ಬಿಸಿ, ತುಟಿ ಸುಟ್ಟಿತು. ನೀನೂ ಏನಾದ್ರೂ ತೆಗೀತೀಯೇನೇ ಅಕ್ಕಾ ಈಗ, ನಿನ್ನ ಕಣ್ಣು ನನಗಿಂತ ಚೆನ್ನಾಗಿತ್ತು ಅಂತಿದ್ರು ಅಪ್ಪ — ನೋಡು, ನೋಡು ಹೇಗೆ ಕೇಳುತ್ತಾಳೆ, ಫೋಲ್ಡರ್ ತೆರೆದವರು ಹೀಗೇ ಕೇಳುತ್ತಾರೆ, ತೆರೆಯದವರೂ ಹೀಗೇ ಕೇಳುತ್ತಾರೆ, ಅದೇ ತೊಂದರೆ. ಈ ಹದಿನಾಲ್ಕು ಇದೆಯಲ್ಲ, ಇದನ್ನ ಹೇಗೆ ತೆಗೆದೆ? ನನ್ನ ದನಿ ಪೊಲೀಸರ ಹಾಗಿದೆ, ಇರಲಿ. ರಟ್ಟಿನ ಪೆಟ್ಟಿಗೆ ಅಕ್ಕಾ, ಫ್ಯಾನ್ ಬಂದಿತ್ತಲ್ಲ ಅದರದ್ದು, ಒಂದು ಕಡೆ ತೂತು ಮಾಡ್ದೆ, ಕ್ಯಾಮೆರಾ ಒಳಗಿಟ್ಟೆ, ಟೈಮರ್ ಹಾಕಿ ನಾನು ಹೊರಗೆ. ಕ್ಯಾಮೆರಾ ಒಳಗಾ? ಹ್ಞೂಂ, ಒಳಗೆ. ಎಷ್ಟು ತೂತು? ಏಳು. ಏಳು ಅಂದಳು, ಅವಳ ಬಾಯಿಂದಲೇ ಬಂತು, ಸಿಕ್ಕಿಬಿದ್ದಳು, ಚೀಲದ ಜಿಪ್ಪಿನ ಮೇಲೆ ಬೆರಳಿಟ್ಟೆ, ಹಾಗಾದರೆ ಇಲ್ಲಿ ಆರೇ ಯಾಕೆ? ಅವಳು ನನ್ನನ್ನು ನೋಡಿದಳು, ಈ ಸಲ ನೆಟ್ಟಗೆ, ಸಿಟ್ಟಿಲ್ಲ, ನಗುವೂ ಇಲ್ಲ, ಗುರುತಿನ ಚೀಟಿಗೆ ಒಪ್ಪುವಂಥ ಮುಖ, ಒಂದು ಮುಚ್ಚಿತ್ತಲ್ಲ ಅಕ್ಕಾ, ಅಂದಳು, ಬಾಗಿಲಲ್ಲಿ ಯಾರೋ ಕರೆದರು, ಬಂದೆ ಅಂತ ಹೋದಳು. ಅವಳ ಚಹಾ ಕಿಟಕಿಯ ಕಟ್ಟೆಯ ಮೇಲೆ ಉಳಿಯಿತು.

ಮುಚ್ಚಿತ್ತಲ್ಲ ಅಂದರೆ, ಮುಚ್ಚಿದೆ ಅನ್ನಲಿಲ್ಲ, ಮುಚ್ಚಿತ್ತಲ್ಲ ಅಂದಳು, ನಾನು ಅಲ್ಲಿದ್ದ ಹಾಗೆ, ನನಗೂ ಗೊತ್ತಿರುವ ಹಾಗೆ, ಎಲ್ಲಿತ್ತು, ಯಾವುದು — ಬೀರುವಿಗೆ ತೂತುಗಳಿದ್ದವು, ಹೌದು, ಪೊಟ್ಟಣಗಳಿಗೆ ಶೀತ ಹಿಡಿಯದಿರಲೆಂದು ಅಪ್ಪ ಬಾಗಿಲಿಗೆ ಕೈಡ್ರಿಲ್ಲಿನಿಂದ ಕೊರೆದದ್ದು, ಮೇಲೆ ನಾಲ್ಕು ಕೆಳಗೆ ಮೂರು, ಮರದ ಹುಡಿ ನನ್ನ ಪಾದದ ಮೇಲೆ ಬೀಳುತ್ತಿತ್ತು, ಮೇಲಿನ ಸಾಲಿನ ಎರಡನೆಯದಕ್ಕೆ ಮೊನೆ ಜಾರಿ ಥತ್ ಅಂದರು, ಅದೊಂದು ತೂತು ಕೆಳಗಿಳಿಯಿತು, ಸೋಪಿನ ಡಬ್ಬಿಯಲ್ಲಿ ಹಾಗಿಲ್ಲ, ಸೋಪಿನ ಡಬ್ಬಿಯಲ್ಲಿ ಎಲ್ಲವೂ ನೆಟ್ಟಗಿವೆ, ಇವಳ ಚಿತ್ರದಲ್ಲಿ ಒಂದು ಕೆಳಗಿದೆ — ಆದರೆ ಇದು ಮೂರನೆಯದು, ಎರಡನೆಯದಲ್ಲ, ಸರಿಹೊಂದುವುದಿಲ್ಲ, ಅಬ್ಬಾ, ಉಸಿರು ಬಂತು, ಬೀರುವಲ್ಲ ಇದು, ಕಳ್ಳತನವೇ — ಕ್ಯಾಮೆರಾ ಒಳಗೆ ಅಂದಳು. ಒಳಗಿನಿಂದ ಎಣಿಸಿದರೆ ಎಡ ಬಲವಾಗುತ್ತದೆ, ಎರಡನೆಯದು ಮೂರನೆಯದಾಗುತ್ತದೆ. ಹೊರಗೆ ನಿಂತವರಿಗೆ ಬಿಳಿ ಬಾಗಿಲಿನ ಮೇಲೆ ಏಳು ಕಪ್ಪು, ಒಳಗಿದ್ದವರಿಗೆ ಕಪ್ಪಿನಲ್ಲಿ ಏಳು ಬಿಳಿ, ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. ಬಾಗಿಲಿಗೆ ಬಿಳಿ ಬಣ್ಣ ಇತ್ತು. ಚಿಲಕ ಹೊರಗಿತ್ತು. ಚಿಲಕ ಹೊರಗಿದ್ದರೆ ತಾನೇ ಹೊಕ್ಕು ನಿದ್ದೆ ಹೋದ ಮಗುವಿಗೆ ಬಾಗಿಲು ಹಾಕಿದವರು ಯಾರು, ನಲವತ್ತು ವರ್ಷ ನಗುತ್ತಾ ಹೇಳಿದ ಕತೆ, ಎಲ್ಲರ ಮೇಲೂ ಅನುಮಾನ ಪಡುವ ನಾನು ಈ ಒಂದು ಪ್ರಶ್ನೆಯನ್ನು ಯಾವತ್ತೂ ಕೇಳಲಿಲ್ಲ. ಇಬ್ಬರೂ ತಲೆ ಬಾಚಿಕೊಂಡು ಬನ್ನಿ, ಇಬ್ಬರದೂ ಫೋಟೋ ತೆಗೆದು ಮುಂದೆ ಗಾಜಿನಲ್ಲಿ ಹಾಕ್ತೀನಿ, ಅಪ್ಪ, ಆದರೆ ಮೊದಲು ನನಗೆ ಹೇಳಿದ್ದರು, ನನ್ನದೊಂದೇ ಅಂದಿದ್ದರು, ಇರುವೆಗೆ ಕೆನ್ನೆಗುಳಿ, ಅಂಗಡಿಗೆ ಬಂದವರೆಲ್ಲ ಅವಳ ಕೆನ್ನೆ ಹಿಂಡುತ್ತಿದ್ದರು, ಅವಳು ಪಕ್ಕದಲ್ಲಿ ನಿಂತರೆ ನನ್ನನ್ನು ಯಾರು ನೋಡುತ್ತಾರೆ, ಬಾರೇ ಕಣ್ಣಾಮುಚ್ಚಾಲೆ ಆಡೋಣ, ಇಲ್ಲಿ ಅವಿತ್ಕೋ, ಯಾರಿಗೂ ಸಿಗಲ್ಲ ನೀನು. ಅಪ್ಪಾ, ಅವಳು ಅಮ್ಮನ ಜೊತೆ ಹೋದ್ಲು. ಚೆಂಡು ಹಿಡ್ಕೋ ಮಗಳೇ, ಗಲ್ಲ ಸ್ವಲ್ಪ ಕೆಳಗೆ.

ಏನೋ ಕೊಡೋದಿದೆ ಅಂದಿದ್ರಂತಲ್ಲ, ಗಡ್ಡದವರು, ಪಕ್ಕದಲ್ಲಿ ನಿಂತಿದ್ದಾರೆ, ಯಾವಾಗ ಬಂದರೋ, ನಾಲ್ಕಾಯಿತೇ, ಕೈ ಚಾಚಿದ್ದಾರೆ, ನನ್ನ ಬೆರಳು ಜಿಪ್ಪಿನ ಮೇಲೇ ಇದೆ, ಅತ್ತ ಬಾಗಿಲ ಹತ್ತಿರ ಇರುವೆ ಯಾರ ಜೊತೆಯೋ ಮಾತಾಡುತ್ತಾ ಕೆನ್ನೆಗುಳಿ ಬೀಳುವ ಹಾಗೆ ನಗುತ್ತಿದ್ದಾಳೆ, ಏನೂ ಇಲ್ಲ ಸಾರ್, ನೋಡೋಕೆ ಬಂದೆ, ಅಷ್ಟೆ, ಅನ್ನುತ್ತೇನೆ, ಚಿತ್ರ ನೋಡುತ್ತೇನೆ, ಇನ್ನೂ ಹತ್ತಿರ ಹೋಗುತ್ತೇನೆ, ಹೆಸರು ಮರೆಯುವಷ್ಟು, ಆದರೆ ಹೆಸರು ಮರೆಯುತ್ತಿಲ್ಲ, ಎಲ್ಲದರ ಹೆಸರೂ ಬರುತ್ತಿದೆ, ಫೋಟೋ ಮುಗಿಸಿ ಬೀರುವಿನ ಮುಂದೆ ಬಂದು ನಿಂತೆ, ತೆಗೆಯಬಹುದಿತ್ತು, ಚಿಲಕ ನನ್ನ ಕೈಗೆ ಎಟುಕುತ್ತಿತ್ತು, ತೆಗೆದರೆ ಅಪ್ಪ ಇನ್ನೊಂದು ತೆಗೆಯುತ್ತಾರೆ, ಇಬ್ಬರದು, ಬಗ್ಗಿದೆ, ಕೆಳಸಾಲಿನ ತುದಿಯ ತೂತಿಗೆ ಮುಖ ಒತ್ತಿದೆ, ಒಳಗೆ ಏನೂ ಕಾಣಲಿಲ್ಲ, ಕತ್ತಲೆ, ಪೇಪರಿನ ವಾಸನೆ, ಪುಟ್ಟ ಉಸಿರು, ನಾನ್ ಸಿಕ್ಕಿದ್ನಾ ಅಕ್ಕಾ? ಇನ್ನೂ ಇಲ್ಲ ಅಂದೆ, ಇನ್ನೂ ಇಲ್ಲ ಕಣೇ, ಅಲ್ಲೇ ಇರು — ಒಳಗಿನಿಂದ ನೋಡಿದರೆ ಮೇಲೆ ನಾಲ್ಕು ಬೆಳಕು, ಕೆಳಗೆ ಎರಡು, ತುದಿಯದರಲ್ಲಿ ಬೆಳಕಿಲ್ಲ, ತೇವದ ಒಂದು ಮಿನುಗು, ಎಳೆಯಷ್ಟು, ಪ್ರಿಂಟಿನ ದೋಷವಲ್ಲ, ಅದು ರೆಪ್ಪೆ ಬಡಿಯದೆ ನೋಡುತ್ತಿರುವ ನನ್ನ ಕಣ್ಣು, ಆರು ಬೆಳಕು, ಒಂದು ಕಣ್ಣು, ಆರು ಬೆಳಕು, ನನ್ನ ಕಣ್ಣು